ಡ್ರಿಲ್ ಮೇಷ್ಟ್ರು ಕುರ್ಚಿಯಲ್ಲಿ ಕೂತದ್ದು

ಡ್ರಿಲ್ ಮೇಷ್ಟ್ರು ಕೂತಿದ್ದನ್ನು ಆ ಶಾಲೆಯಲ್ಲಿ ಹೆಚ್ಚು ಜನ ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಅವರು ಮೈದಾನದಲ್ಲಿ ನಿಂತಿದ್ದರು, ಕಾರಿಡಾರಿನಲ್ಲಿ ನಡೆದಿದ್ದರು, ಸ್ಟಾಫ್ ರೂಮಿನ ಕಿಟಕಿಗೆ ಒರಗಿಕೊಂಡೇ ಡಬ್ಬಿಯ ಊಟ ಮುಗಿಸಿದ್ದರು. ಮನೆಯಲ್ಲೂ ಅಷ್ಟೇ. ಬೆಳಗಿನ ಪೇಪರನ್ನು ಅಡುಗೆಮನೆಗೂ ಹೊರಬಾಗಿಲಿಗೂ ಓಡಾಡುತ್ತ ಓದುತ್ತಿದ್ದರು.

"ಕುರ್ಚಿ ಏನಾದ್ರೂ ಕಚ್ಚುತ್ತೇನ್ರೀ ನಿಮ್ಗೆ?" ಎಂದು ಹೆಂಡತಿ ಕೇಳುತ್ತಿದ್ದರು.

"ಕೂತ್ರೆ ಯೋಚನೆ ಬರುತ್ತೆ ಕಣೇ."

"ಬರ್ಲಿ ಬಿಡಿ, ಅಪರೂಪಕ್ಕೆ."

ಮೇಷ್ಟ್ರಿಗೆ ಒಂದು ವಿದ್ಯೆ ಒಲಿದಿತ್ತು. ಎಷ್ಟೇ ದೂರದಿಂದಲಾದರೂ, ಬೆನ್ನಷ್ಟೇ ಕಾಣುತ್ತಿದ್ದರೂ, ಓಟ ನೋಡಿ ಅದು ಯಾವ ಮಗು ಎಂದು ಹೇಳುತ್ತಿದ್ದರು. ಒಬ್ಬ ಹಿಮ್ಮಡಿ ಎಳೆಯುತ್ತಾನೆ, ಒಬ್ಬಳು ಭುಜ ಕುಣಿಸುತ್ತಾಳೆ, ಇನ್ನೊಬ್ಬ ನಗುತ್ತ ಓಡುವುದರಿಂದ ಕತ್ತು ಹಿಂದಕ್ಕೆ ವಾಲುತ್ತದೆ. ಗಾಜು ಒಡೆದವರು, ಗೋಡೆ ಹಾರಿದವರು, ಗಂಟೆ ಬಾರಿಸಿ ಮಾಯವಾದವರು, ಎಲ್ಲರನ್ನೂ ಅವರು ಹಿಡಿದಿದ್ದು ಹೀಗೇ. ಹಿಡಿದವರನ್ನು ಬೆಳಗಿನ ಅಸೆಂಬ್ಲಿಯಲ್ಲಿ ಎಲ್ಲರೆದುರು ನಿಲ್ಲಿಸುವುದು ಅವರ ಪದ್ಧತಿ. ಹೊಡೆಯುತ್ತಿರಲಿಲ್ಲ. ನಾನು ಹೊಡೆಯುವವನಲ್ಲ ಎಂಬ ಹೆಮ್ಮೆ ಅವರಿಗಿತ್ತು.

ಹೋದ ವರ್ಷ ಬಂದ ಹೆಡ್‌ಮೇಡಂ ಈ ನಿಲ್ಲಿಸುವುದನ್ನು ಕಡಿಮೆ ಮಾಡಿ ಎಂದರು. ಚಿತ್ರಕಲೆಯ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ, ಕುರ್ಚಿಗಳನ್ನು ದುಂಡಗೆ ಹಾಕಿಸಿದರು. ತಪ್ಪು ಮಾಡಿದವರು, ಅದರಿಂದ ನೊಂದವರು, ಇಬ್ಬರ ಕಡೆಯವರೂ ಅಲ್ಲಿ ಕೂರಬೇಕು. ಕೈಯಲ್ಲಿ ಥ್ರೋಬಾಲ್ ಇದ್ದವರು ಮಾತ್ರ ಮಾತಾಡಬೇಕು. ಏನಾಯಿತು, ಯಾರಿಗೆ ನೋವಾಯಿತು, ಸರಿಮಾಡಲು ಏನು ಮಾಡಬೇಕು, ಇಷ್ಟೇ ಪ್ರಶ್ನೆ. ಮಾತು ಮುಗಿಯುವವರೆಗೆ ಯಾರೂ ಏಳುವಂತಿಲ್ಲ.

"ನನ್ನ ಚೆಂಡು ಹಾಳಾಗೋದೊಂದೇ ಇದ್ರಲ್ಲಿ ಆಗೋದು," ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಗಿಸಿದರು.

ಮುಂದಿನ ತಿಂಗಳು ಒಂದು ಮಧ್ಯಾಹ್ನ, ಕಂಪ್ಯೂಟರ್ ರೂಮಿನ ಹೊರಗೆ ನೇತುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಿನ್ನನ್ನು ಯಾರೋ ಕಿತ್ತು ಹಿಡಿ ಒತ್ತಿದರು. ಕಾರಿಡಾರ್ ಪೂರ್ತಿ ಬಿಳಿ ಪುಡಿ. ಗುಡಿಸಿದ ಆಯಾ ಸಂಜೆಯವರೆಗೂ ಕೆಮ್ಮಿದರು. ಮೈದಾನದ ಆ ತುದಿಯಲ್ಲಿದ್ದ ಮೇಷ್ಟ್ರಿಗೆ ಕಂಡಿದ್ದು, ಎರಡು ಜಡೆಯ ಒಂದು ಬೆನ್ನು, ಪಕ್ಕೆಗೆ ಒತ್ತಿದ ಎಡ ಮೊಣಕೈ, ಮೊದಲ ಹತ್ತು ಹೆಜ್ಜೆ ತಗ್ಗಿಸಿದ ತಲೆ. ಅವರಿಗೆ ಎರಡನೇ ಯೋಚನೆಯೇ ಬರಲಿಲ್ಲ. ಅದು ಅವರ ರಿಲೇ ತಂಡದ ಕೊನೆಯ ಓಟಗಾರ್ತಿ, ಒಂಬತ್ತನೇ ತರಗತಿಯ ಹುಡುಗಿ. ಜಿಂಕೆ ಎಂದು ಅವರೇ ಹೆಸರಿಟ್ಟಿದ್ದರು.

ಮರುದಿನ ಮೈಕಿನ ಮುಂದೆ ಅವಳನ್ನು ನಿಲ್ಲಿಸಿದರು.

"ನಾನಲ್ಲ ಸರ್," ಎಂದಳು.

"ನನ್ನ ಕಣ್ಣು ಇವತ್ತಿನವರೆಗೂ ತಪ್ಪಿಲ್ಲ. ನೀನು ತಂಡದಲ್ಲಿಲ್ಲ. ಹೋಗು."

ಅವಳು ಹೋದಳು. ಅಂದಿನಿಂದ ಶಾಲೆಗೆ ಬರಲಿಲ್ಲ.

ನಾಲ್ಕನೇ ದಿನ ತಂಡದ ಇನ್ನೊಬ್ಬ ಹುಡುಗಿ, ಎರಡನೆಯದಾಗಿ ಓಡುವವಳು, ಹೆಡ್‌ಮೇಡಂ ಕೋಣೆಗೆ ಹೋಗಿ ಅತ್ತಳು. ಪಿನ್ನು ಕಿತ್ತವಳು ಅವಳು. ಎಡ ಮೊಣಕೈ ಪಕ್ಕೆಗೆ ಒತ್ತಿ, ತಲೆ ತಗ್ಗಿಸಿ ಎಂದು ಎರಡು ವರ್ಷ ನಾಲ್ವರಿಗೂ ಹೇಳಿಕೊಟ್ಟವರು ಮೇಷ್ಟ್ರೇ. ನಾಲ್ವರೂ ಈಗ ಒಂದೇ ಥರ ಓಡುತ್ತಿದ್ದರು. ಅದನ್ನು ಗಮನಿಸದೆ ಉಳಿದವರು ಅವರೊಬ್ಬರೇ.

ಅದೇ ಸಂಜೆ ಜಿಂಕೆಯ ತಾಯಿ ಟಿಸಿ ಕೇಳಿ ಬರೆದ ಅರ್ಜಿ ಹಿಡಿದು ಆಫೀಸಿಗೆ ಬಂದರು. ಹೆಡ್‌ಮೇಡಂ, "ಒಂದು ಸಲ ಮಗಳನ್ನ ಕರ್ಕೊಂಡು ಬನ್ನಿ, ಆಮೇಲೆ ನಿಮ್ಮಿಷ್ಟ," ಎಂದು ಕೇಳಿಕೊಂಡರು. ನಂತರ ಅಲ್ಲೇ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ, "ಈ ಸಲ ನೀವು ಯಾವ ಕುರ್ಚಿ ಅಂತ ಗೊತ್ತಲ್ಲ ಸರ್?" ಎಂದರು.

ಆ ರಾತ್ರಿ ಮೇಷ್ಟ್ರಿಗೆ ಊಟ ಸೇರಲಿಲ್ಲ.

"ಕ್ಷಮಿಸು ಅಂದ್ರೆ ಮುಗೀತಲ್ಲ," ಎಂದರು ಹೆಂಡತಿ.

"ಮಕ್ಕಳ ಮುಂದೆ ಅದನ್ನ ಹೇಳಿದ್ಮೇಲೆ ನಾನು ಊದೋ ಸೀಟಿಗೆ ಯಾರು ಬೆಲೆ ಕೊಡ್ತಾರೆ? ನಂಗೆ ಬೇರೆ ಏನು ಬರುತ್ತೆ ಹೇಳು."

ಹೆಂಡತಿ ತಟ್ಟೆ ಎತ್ತಿಕೊಂಡು ಹೋದರು.

ಮರುದಿನ ಮೂರು ಗಂಟೆಗೆ ಅವರು ಚಿತ್ರಕಲೆಯ ಕೋಣೆಯ ಕಿಟಕಿಯಲ್ಲಿ ನಿಂತು ಗೇಟು ನೋಡುತ್ತಿದ್ದರು. ಅರ್ಜಿ ಹಿಡಿದು ಬಂದಿದ್ದ ತಾಯಿ ಒಳಗೆ ಬಂದರು. ಪಕ್ಕದಲ್ಲಿ ಯಾರೋ ನೆಂಟರ ಹುಡುಗಿ. ಹಿಮ್ಮಡಿ ಗಟ್ಟಿಯಾಗಿ ಊರುತ್ತ, ಕೈಗಳನ್ನು ಮೈಗೆ ಅಂಟಿಸಿಕೊಂಡು, ಮರದ ಗೊಂಬೆಯ ಹಾಗೆ ನಡೆಯುತ್ತಿದ್ದಳು. ಮಗಳು ಬರಲೇ ಇಲ್ಲವಲ್ಲ ಎಂದುಕೊಂಡರು. ಎದೆ ಹಗುರವಾಯಿತು, ಹಗುರವಾಗಿದ್ದಕ್ಕೆ ನಾಚಿಕೆಯೂ ಆಯಿತು. ಇಬ್ಬರೂ ಬಾಗಿಲಿಗೆ ಬಂದಾಗ ಮುಖ ಕಂಡಿತು. ಜಿಂಕೆಯೇ.

ಏಳು ಕುರ್ಚಿ. ಹೆಡ್‌ಮೇಡಂ, ಆಯಾ, ಪಿನ್ನು ಕಿತ್ತ ಹುಡುಗಿ, ಅವಳ ಅಪ್ಪ, ಜಿಂಕೆ, ಜಿಂಕೆಯ ತಾಯಿ, ಮೇಷ್ಟ್ರು. ಕೂತ ಕೂಡಲೇ ಅವರ ಮಂಡಿ ತಾನಾಗಿ ಕುಣಿಯತೊಡಗಿತು. ಅದನ್ನು ಕೈಯಿಂದ ಅದುಮಿ ಹಿಡಿದರು. ಪಿನ್ನು ಕಿತ್ತವಳು ಮೊದಲು ಮಾತಾಡಿದಳು, ಇನ್ನು ಒಂದು ವಾರ ಕಾರಿಡಾರ್ ತಾನೇ ಗುಡಿಸುತ್ತೇನೆ ಎಂದಳು. "ಪೊರಕೆ ಹಿಡಿಯೋದು ನಾನು ಹೇಳಿಕೊಡ್ತೀನಿ, ಅದೂ ವಿದ್ಯೆನೇ," ಎಂದರು ಆಯಾ. ಅವಳಪ್ಪ ನೆಲ ನೋಡಿದರು. ಚೆಂಡು ಮೇಷ್ಟ್ರ ಕೈಗೆ ಬಂತು.

ಅವರು ಎದ್ದು ನಿಂತರು.

"ಕೂತ್ಕೊಂಡೇ ಹೇಳಿ, ಸರ್," ಎಂದರು ಹೆಡ್‌ಮೇಡಂ.

ಕೂತರು. "ದೂರ ಇತ್ತು. ಬಿಸಿಲು ಕಣ್ಣಿಗೆ ಹೊಡೀತಿತ್ತು. ನಾಲ್ಕೂ ಜನ ಒಂದೇ ಥರ ಓಡ್ತಾರೆ. ಯಾರಿಗಾದ್ರೂ..." ಮಾತು ಅಲ್ಲಿಗೇ ನಿಂತಿತು. ಎದುರಿಗಿದ್ದ ಜಿಂಕೆ ಎರಡು ಪಾದಗಳನ್ನೂ ಕುರ್ಚಿಯ ಕೆಳಕ್ಕೆ ಎಳೆದುಕೊಂಡಿದ್ದಳು. "ಹಿಂಗ್ಯಾಕೆ ನಡೀತಿದ್ದೀಯಮ್ಮ?" ಎಂದು ಕೇಳಿ, ಚೆಂಡನ್ನು ಅವಳಿಗೆ ಕೊಟ್ಟರು.

ಅವಳು ಬಹಳ ಹೊತ್ತು ಚೆಂಡಿನ ಹೊಲಿಗೆಯನ್ನು ಉಗುರಿನಿಂದ ಕೆರೆದಳು.

"ನಮ್ಮನೆ ಹತ್ರದ ಬಸ್‌ಸ್ಟಾಪಲ್ಲಿ ಹುಡುಗ್ರು ಹಿಂದೆ ನಿಂತ್ಕೊಂಡು 'ಕಾಲು ನೋಡ್ರೋ, ಯಾರು ಅಂತ ಗೊತ್ತಾಗುತ್ತೆ' ಅಂತಾರೆ ಸರ್. ಅದಕ್ಕೆ ಬೇರೆ ಥರ ನಡಿಯೋದು ಕಲಿತಿದ್ದೀನಿ." ಚೆಂಡನ್ನು ಮಡಿಲಿಗಿಟ್ಟುಕೊಂಡಳು. "ನಾನಲ್ಲ ಅಂದೆ. ನೀವು ನನ್ನ ಮುಖಾನೇ ನೋಡ್ಲಿಲ್ಲ."

ತಾಯಿ ಸೆರಗಿನ ತುದಿ ಸುತ್ತುತ್ತಿದ್ದರು. ಮೇಷ್ಟ್ರಿಗೆ ಎದ್ದು ಹೋಗಬೇಕೆನಿಸಿತು, ಗೇಟಿನವರೆಗೆ, ಅದರಾಚೆಗೆ.

"ಸರಿಮಾಡೋಕೆ ಏನು ಬೇಕು?" ಎಂದು ಹೆಡ್‌ಮೇಡಂ ಕೇಳಿದರು.

"ಅಸೆಂಬ್ಲೀಲಿ ಹೇಳಿದ್ದನ್ನ ಅಸೆಂಬ್ಲೀಲೇ ತಪ್ಪು ಅಂತ ಹೇಳ್ಬೇಕು," ಎಂದಳು ಹುಡುಗಿ.

"ಇಲ್ಲಿ ಹೇಳ್ತೀನಮ್ಮ, ಈಗ್ಲೇ. ನಿಮ್ಮನೆಗೆ ಬಂದು ಬೇಕಾದ್ರೂ ಹೇಳ್ತೀನಿ. ಅಲ್ಲಿ ಬೇಡ. ಆಮೇಲೆ ನನಗ್ಯಾರು ಹೆದರ್ತಾರೆ?"

ಆಯಾ ಕೈ ಚಾಚಿ ಹುಡುಗಿಯ ಮಡಿಲಿಂದ ಚೆಂಡು ಕಸಿದುಕೊಂಡರು. "ಇವ್ಳು ಹೆದರಿದ್ದಾಳಲ್ಲ ಸರ್, ಅಷ್ಟು ಸಾಕಾಗ್ಲಿಲ್ವಾ?"

ಹೊರಗೆ ಗಂಟೆ ಹೊಡೆದು, ಮಕ್ಕಳ ಗಲಾಟೆ ಎದ್ದು, ಇಳಿಯಿತು. ಮೇಷ್ಟ್ರು ಕೂತೇ ಇದ್ದರು. ಕೊನೆಗೆ, "ಸೋಮವಾರ," ಎಂದರು.

ಸೋಮವಾರ ತಾಯಿ ಅರ್ಜಿಯನ್ನು ಕೈಯಲ್ಲೇ ಹಿಡಿದು ಆಫೀಸಿನ ಕಿಟಕಿಯ ಬಳಿ ನಿಂತಿದ್ದರು. ಮಗಳು ಅವರ ಪಕ್ಕದಲ್ಲಿ, ಸಾಲಿನಿಂದ ದೂರ. ಮೇಷ್ಟ್ರು ಮೈಕ್ ಹಿಡಿದರು. ಹಿಂದಿನ ಎರಡು ರಾತ್ರಿ ಬರೆದು ಹರಿದದ್ದರಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ.

"ಹೋದ ವಾರ ಇಲ್ಲಿ ನಿಲ್ಲಿಸಿದ ಹುಡುಗಿ ಏನೂ ಮಾಡಿರಲಿಲ್ಲ. ಅವಳು ನಿಜ ಹೇಳಿದ್ಲು. ನಾನು ಕೇಳಲಿಲ್ಲ. ತಪ್ಪು ನನ್ನದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಆ ಕಡೆ ನೋಡಲಿಲ್ಲ. ಮೈಕನ್ನು ಗಣಿತದ ಮೇಡಂಗೆ ಕೊಟ್ಟು, ಮೆಟ್ಟಿಲಿಳಿದು ಆಫೀಸಿನ ಕಿಟಕಿಯವರೆಗೆ ನಡೆದರು.

ಹುಡುಗಿ ತಾಯಿಯ ಕೈಯಿಂದ ಅರ್ಜಿ ತೆಗೆದುಕೊಂಡಳು. ಹರಿಯಲಿಲ್ಲ. ನಾಲ್ಕಾಗಿ ಮಡಿಸಿ ತನ್ನ ಬ್ಯಾಗಿನ ಒಳಜೇಬಿಗೆ ಹಾಕಿ, ಜಿಪ್ ಎಳೆದಳು.

"ಈ ತಿಂಗಳು ಬರ್ತೀನಿ. ಆಮೇಲೆ ನೋಡ್ತೀನಿ," ಎಂದಳು, ತಾಯಿಗೋ ಅವರಿಗೋ.

"ಆಗ್ಲಮ್ಮ," ಎಂದರು ಮೇಷ್ಟ್ರು. ಹೊಸ ಬ್ಯಾಟನ್ ಬಂದಿದೆ, ಸಂಜೆ ಅಭ್ಯಾಸ ಇದೆ ಎನ್ನುವುದು ನಾಲಿಗೆಯ ತುದಿಗೆ ಬಂತು. ಅವಳು ಮುಖ ಎತ್ತಿ ಕಾಯುತ್ತಿದ್ದಳು. ಅವರು ಆ ಮುಖವನ್ನು ನೋಡಿದರು, ಆ ಮಾತನ್ನು ಆಡಲಿಲ್ಲ.