ಮೂಲೆ ಹರಿದ ಚೀಟಿಗಳು

ಬೆಂಗಳೂರಿನಲ್ಲಿ ನಾನು ಮೊದಲು ಹೆದರಿದ್ದು ಮೌನಕ್ಕೆ. ಜಯನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಲು ನಿಂತರೆ ಎದುರಿನ ಐವತ್ತು ಹುಡುಗರಲ್ಲಿ ಒಬ್ಬನೂ ಕೆಮ್ಮುತ್ತಿರಲಿಲ್ಲ. ನಮ್ಮ ಧಾರವಾಡದಲ್ಲಾದರೆ ತಿಳಿಯದಿದ್ದಾಗ ಬೆಂಚು ಬಡಿಯುತ್ತಾರೆ. ಇಲ್ಲಿ ತಿಳಿಯಿತೇ ಎಂದರೆ "ಗೊತ್ತಾಯ್ತು ಸಾರ್" ಎನ್ನುತ್ತಾರೆ. ಕಿರುಪರೀಕ್ಷೆಯಲ್ಲಿ ಅರ್ಧಕ್ಕರ್ಧ ಫೇಲು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದನ್ನು ಬಾಡಿಗೆ ಮನೆಯ ಒಡತಿ ಕಲಿಸಿದ್ದರು. ಆದರೆ ಈ ಮೌನದ ವಿಷಯ ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಟರ್ಮಿನ ನಡುವೆ ಒಂದು ದಿನ ಹುಡುಗರಿಗೇ ಚೀಟಿ ಹಂಚಿದೆ. "ನನ್ನ ಪಾಠದಾಗ ಏನ್ ಕೊರತಿ ಅದ, ಬರೀರಿ. ಹೆಸರು ಬ್ಯಾಡ."

ಬರೆದರು. ಆದರೆ ಪರೀಕ್ಷೆಯ ರೂಢಿಯಿಂದ ಪ್ರತಿಯೊಬ್ಬನೂ ಬಲಮೂಲೆಯಲ್ಲಿ ತನ್ನ ರೋಲ್ ನಂಬರ್ ಹಾಕಿಬಿಟ್ಟಿದ್ದ. ಹೆಚ್ಚಿನವುಗಳಲ್ಲಿ 'ಚೆನ್ನಾಗಿದೆ'. ಒಂದರಲ್ಲಿ ಮಾತ್ರ: 'ಸಾರ್ ಓಡುತ್ತಾರೆ. ಪಾಠ ಬೋರ್ಡಿಗೆ, ನಮಗಲ್ಲ.'

ತಕ್ಷಣ ಮೂಲೆಗಳನ್ನು ಹರಿದೆ ಎಂದು ಈವರೆಗೆ ಹೇಳಿಕೊಂಡು ಬಂದಿದ್ದೇನೆ. ಹಾಗಲ್ಲ. ಮೊದಲು ಹಾಜರಿ ಪುಸ್ತಕ ತೆಗೆದು ನಂಬರು ಹುಡುಕಿದೆ. ಆಗಿನ್ನೂ ಊರಾಚೆಯ ಹಳ್ಳಿಯಾಗಿದ್ದ ಜರಗನಹಳ್ಳಿಯಿಂದ ನಡೆದು ಬರುವ ಕೆಂಪಯ್ಯ. ಹೊಲದ ಕೆಲಸದಿಂದಾಗಿ ಹಾಜರಿ ಕಡಿಮೆ. ಅವನನ್ನು ಪರೀಕ್ಷೆಗೆ ಕೂರಿಸುವುದು ಪ್ರಿನ್ಸಿಪಾಲರ ಮರ್ಜಿ. ನನ್ನ ಕೆಲಸ ಕಾಯಂ ಆಗುವುದೂ ಅವರ ಮರ್ಜಿಯೇ. ನನಗೆ ಸಿಟ್ಟು ಬಂದಿತ್ತೆ? ಬಂದಿತ್ತು.

ಅಷ್ಟರಲ್ಲಿ ಜವಾನ ಬಂದ. ಸಾಹೇಬರಿಗೆ ಸುದ್ದಿ ಮುಟ್ಟಿದೆ, ಚೀಟಿಗಳ ಸಮೇತ ಬರಬೇಕಂತೆ. ಆಗ ಹರಿದೆ. ಕೊನೆಯ ಕೆಲವನ್ನು ಮೆಟ್ಟಿಲ ಮೇಲೆ.

"ಏನ್ರೀ, ಹುಡುಗ್ರ ಕೈಲಿ ಮಾರ್ಕ್ಸ್ ಹಾಕಿಸ್ಕೊಳ್ತಿದೀರಂತೆ?" ಪ್ರಿನ್ಸಿಪಾಲರು ಚೀಟಿಗಳನ್ನು ತಿರುವಿದರು. "ಓಡ್ತಾರಂತೆ. ಯಾರಿವನು? ಮೂಲೆ ಎಲ್ಲೋಯ್ತು?"

"ಹರದೀನ್ರಿ ಸರ್."

"ನಂಬರಿತ್ತಾ?"

"ಇತ್ರಿ."

"ಯಾವ್ದೂಂತ ನೆನಪಿಲ್ವಾ?"

"ಇಲ್ರಿ."

ಅವರು ಚೀಟಿಗಳನ್ನು ನನ್ನತ್ತ ತಳ್ಳಿದರು. "ನಿಮ್ಮ ಕಾಯಂ ವಿಷ್ಯ ಮುಂದಿನ್ ವರ್ಷ ನೋಡೋಣ."

ಮರುದಿನದಿಂದ ನಿಧಾನವಾಗಿ ಹೇಳತೊಡಗಿದೆ. ಎರಡು ಸಾಲು ಬರೆಯುವುದು, ತಿರುಗಿ ಅವರ ಮುಖ ನೋಡುವುದು. ವಾರದ ಬಳಿಕ ಕೆಂಪಯ್ಯ ಎದ್ದು ನಿಂತ.

"ಇನ್ನೊಂದ್ಸಲ ಹೇಳಿ ಸಾರ್, ಗೊತ್ತಾಗ್ಲಿಲ್ಲ."

"ನಿಂಗ್ಯಾವತ್ ಗೊತ್ತಾಗಿತ್ತು ಮಗಾ?" ಎಂದ ಹಿಂದಿನ ಬೆಂಚಿನವನು. ಕ್ಲಾಸು ನಕ್ಕಿತು. ಅಷ್ಟು ಗದ್ದಲವನ್ನು ನಾನು ಈ ಊರಲ್ಲಿ ಕೇಳಿರಲಿಲ್ಲ.

ಕೆಂಪಯ್ಯ ಪರೀಕ್ಷೆಗೆ ಕೂತ. ನಾನಿನ್ನೂ ತಾತ್ಕಾಲಿಕ. ರಜೆಗೆ ಧಾರವಾಡಕ್ಕೆ ಹೋದಾಗ ತಮ್ಮನಿಗೆ ಅದೇ ಪಾಠ ಹೇಳಿಕೊಟ್ಟೆ.

"ಯಾಕಣ್ಣಾ, ಇಷ್ಟ್ ಸಾವಕಾಶ? ನಾ ಏನ್ ದಡ್ಡ ಅದೀನೇನು? ಬೆಂಗಳೂರವ್ರಂಗ ಹೇಳಾಕತ್ತೀಯಲ್ಲ."

ಬೇಗ ಹೇಳಲು ನೋಡಿದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ತಿರುಗಿ ಅವನ ಮುಖ ನೋಡುತ್ತಿದ್ದೆ.