ರವದಿಯಲ್ಲಿ ಸಿಕ್ಕ ಗಂಡು ಹುಳ

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ವರ್ಷದ ಕಬ್ಬಿನ ಸುಗ್ಗಿಯ ಹೊತ್ತಿಗೆ ನನ್ನ ಬಳಿ ಹದಿನೇಳು ಹುಳಗಳಿದ್ದವು; ಎಲ್ಲವೂ ಹೆಣ್ಣು ಇಲ್ಲವೇ ಮರಿ. ಮಿಡತೆಯ ಬಳಗದ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಚಿರ್ರೆನ್ನುವ ಹುಳ. ಮೈತುಂಬ ಹಿಟ್ಟಿನಷ್ಟು ಸಣ್ಣ ಬೂದು ಹುರುಪೆಗಳು. ಗೊತ್ತಿರುವ ಕುಲದ್ದೋ ಹೊಸದೋ ಎಂದು ಹೇಳಲು ಬೆಳೆದ ಗಂಡು ಬೇಕು. ಹೆಣ್ಣಿಗಿಲ್ಲದ ಅದರ ಮೋಟು ರೆಕ್ಕೆಯನ್ನೂ ಹೊಟ್ಟೆಯ ತುದಿಯ ಜನನಾಂಗವನ್ನೂ ನೋಡಬೇಕು. ಅದಿಲ್ಲದೆ ನನ್ನ ಪಿಎಚ್.ಡಿ. ಪ್ರಬಂಧಕ್ಕೆ ಮುಖ್ಯ ಅಧ್ಯಾಯವೇ ಇರಲಿಲ್ಲ. ಎರಡು ಸಲ ಹೆಚ್ಚಿನ ಅವಧಿ ಕೊಡಿಸಿದ್ದ ಮಾರ್ಗದರ್ಶಕರು ಈ ಸುಗ್ಗಿಯೇ ಕೊನೆ ಎಂದಿದ್ದರು.

ಹುಳ ಇರುವುದು ರವದಿಯಲ್ಲಿ, ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆಯಲ್ಲಿ. ಅದನ್ನು ಸುಡುತ್ತಾರೆ. ಐನಾಪುರ, ಏಕಸಂಬಿ ಕಡೆ ನಾನು ಹುಡುಕುತ್ತಿದ್ದ ಹೊಲಗಳೆಲ್ಲ ಸುಟ್ಟಾಗಿತ್ತು. ಉಳಿದದ್ದು ಶಿರಗುಪ್ಪಿಯ ಒಂದು ಎಕರೆ. ಅದರ ಒಡತಿಯನ್ನು ಎಲ್ಲರಂತೆ ನಾನೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಪಕ್ಕದ ದ್ರಾಕ್ಷಿ ತೋಟವೂ ಅವರದೇ. ನಾನು ಬೇಡಿಕೊಂಡಿದ್ದಕ್ಕೆ ಎರಡು ದಿನ ಬೆಂಕಿ ತಡೆದಿದ್ದರು. ಮೂರನೆಯ ದಿನ, ನಾಳೆ ಬೆಳಗ್ಗೆ ಪಂಪಿಗೆ ಕರೆಂಟಿನ ಪಾಳಿ ಇದೆ, ಕಡಿದ ಕಬ್ಬಿನ ಕೂಳೆಗೆ ನೀರು ಬಿಡಬೇಕು, ಇವತ್ತು ಸಂಜೆ ಗಾಳಿ ನಿಂತೊಡನೆ ಹಚ್ಚುವುದೇ ಎಂದರು.

"ಮಗಳಿಗಿ ವರಾ ಹುಡಕಾಕೂ ನಾವು ಇಷ್ಟ ತಿರಗಿಲ್ರಿ ಸರ," ಎಂದು ನಕ್ಕು, ತಾವೂ ಬಾಗಿ ರವದಿ ಎತ್ತತೊಡಗಿದರು.

ಮೊಣಕಾಲೂರಿ ಹುಡುಕಿದೆ. ಸೋಗೆ ಅಂಗೈ ಕೊಯ್ದಿತ್ತು. ಮತ್ತೆ ನಾಲ್ಕು ಹೆಣ್ಣು ಸಿಕ್ಕವು. ಬೆಂಕಿ ಹಚ್ಚುವ ಇಬ್ಬರು ಆಳುಗಳು ಬದುವಿನ ಮೇಲೆ ಬಂದು ಕುಳಿತರು. ಆಗ ಒಂದು ಕೂಳೆಯ ಬುಡದಲ್ಲಿ ಅದು ಕಂಡಿತು: ಕತ್ತಿನಿಂದ ಹಿಂದಕ್ಕೆ ಚಾಚಿದ ಚಿಪ್ಪಿನಂಥ ಹಲಗೆ, ಅದರಡಿ ರೆಕ್ಕೆಯ ಅಂಚು. ಗಂಡು. ಹುಳ ಹಿಡಿಯುವ ಬಾಟಲಿ ಎರಡು ಮಾರು ಹಿಂದೆ ಉಳಿದಿತ್ತು. ಬೆರಳಿನಿಂದಲೇ ಹಿಡಿದೆ. ಹಾಗೆ ಹಿಡಿಯಬಾರದೆಂದು ವಿದ್ಯಾರ್ಥಿಗಳಿಗೆ ವರ್ಷವೂ ಹೇಳುವವನು ನಾನು.

ಹೆಬ್ಬೆರಳಿಗೆ ಬೂದು ಪುಡಿ ಮೆತ್ತಿತ್ತು. ಹುಳ ಬೋಳಾಗಿತ್ತು. ಹೊಟ್ಟೆಯ ತುದಿ ಜಜ್ಜಿ ನೀರು ಒಸರುತ್ತಿತ್ತು.

ಕಾಕು ಹತ್ತಿರ ಬಂದು ನೋಡಿದರು. "ದ್ರಾಕ್ಷಿ ಹಿಂಗ ಹಿಡದ್ರ ಮ್ಯಾಲಿನ ಬೂದಿ ಹೋಗತೈತ್ರಿ. ನಾವು ದೇಟ ಹಿಡೀತೀವಿ, ಹಣ್ಣ ಮುಟ್ಟಂಗಿಲ್ಲ."

ಕಾಲ ಬಳಿ ಓಡುತ್ತಿದ್ದ ಇನ್ನೊಂದು ಹುಳದ ಮುಂದೆ ಒಣ ಎಲೆಯೊಂದನ್ನು ಇಟ್ಟು, ಅದು ಏರುವವರೆಗೆ ಕಾದು, ಬಾಟಲಿಗೆ ಇಳಿಸಿದರು. ಒಂದು ಹುರುಪೆಯೂ ಉದುರಿರಲಿಲ್ಲ. ಅದು ಹೆಣ್ಣು.

ಇನ್ನೊಂದು ತಾಸು ಕೊಡಿ ಎಂದೆ. ಅವರು ಹೊಲ ನೋಡಿದರು, ನನ್ನನ್ನು ನೋಡಿದರು.

"ಪಾಳಿ ನನ್ನ ಕೈಯಾಗಿಲ್ರಿ ಸರ."

ಆಳುಗಳು ನಾಲ್ಕೂ ಮೂಲೆಗೆ ಬೆಂಕಿ ಇಟ್ಟರು. ಇನ್ನೊಂದು ಗಂಡು ಬದುವಿನ ಕಡೆಗೆ ಓಡಿ ಬರಬಹುದೆಂದು ಬಾಟಲಿ ಹಿಡಿದು ಕಾದೆ. ಜೇಡಗಳು ಬಂದವು, ಒಂದು ಚೇಳು ಬಂತು. ಆಮೇಲೆ ಹೊಗೆಗೆ ನಿಲ್ಲಲಾಗಲಿಲ್ಲ.

ಕಾಲೇಜಿಗೆ ಮರಳಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ರೆಕ್ಕೆ ಸರಿಯಾಗಿತ್ತು. ಜನನಾಂಗದ ಜಾಗದಲ್ಲಿ ಹರಿದ ಪೊರೆಯಿತ್ತು. ರೆಕ್ಕೆಯೊಂದನ್ನೇ ನಂಬಿ ಹೊಸ ಕುಲ ಎಂದು ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ಮಾರ್ಗದರ್ಶಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಹುಳದ ಬಾಟಲಿಗೆ ಅಂಟಿಸುವ ಚೀಟಿಯಲ್ಲಿ ಊರು, ದಿನ, ಗಂಡು ಎಂದು ಬರೆದು ಕುಲದ ಸಾಲು ಖಾಲಿ ಬಿಟ್ಟೆ. ಕೆಳಗೆ ಸೇರಿಸಿದೆ: ಹಿಡಿದವನ ಬೆರಳಿನಿಂದ ಹಾಳಾಗಿದೆ.