ಕರಪತ್ರದ ಹಿಂಬದಿ

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಅಕ್ಕನ ಮಗಳು ರಮ್ಯಾಳ ಏರ್ ರೈಫಲ್ ಪೊಲೀಸ್ ಠಾಣೆಯೊಂದರ ಬೀರುವಿನೊಳಗೆ ಹೋಯಿತು. ಈ ಭಾನುವಾರ ಅವಳು ಅದನ್ನು ಹಿಡಿದು ರಾಜ್ಯ ತಂಡದ ಆಯ್ಕೆಗೆ ನಿಲ್ಲಬೇಕು. ಅದನ್ನು ಠಾಣೆಗೆ ಹೊತ್ತುಕೊಂಡು ಹೋದವನು ನಾನು.

ಕಾರಣವೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ರಮ್ಯಾ ಹೊಳೆನರಸೀಪುರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ವಾರಕ್ಕೆರಡು ದಿನ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಶೂಟಿಂಗ್ ಕಲಿಯುತ್ತಾಳೆ. ಹತ್ತು ಮೀಟರ್ ದೂರದ ಗುರಿ, ಗಾಳಿಯ ಒತ್ತಡಕ್ಕೆ ಚಿಮ್ಮುವ ಸೀಸದ ಪುಟ್ಟ ಗುಂಡು. ಈ ಬಂದೂಕಿಗೆ ಲೈಸೆನ್ಸ್ ಬೇಡ. (ಠಾಣೆಯಲ್ಲಿ ಇದನ್ನು ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ "ಗೊತ್ತು ಸಾ" ಎಂದರು.)

ಆರು ತಿಂಗಳ ಹಿಂದೆ ನಾನೂ ಅವಳ ಜೊತೆ ಸೇರಿಕೊಂಡೆ. ಐವತ್ತೈದನೇ ವಯಸ್ಸಿನಲ್ಲಿ ಯಾಕೆ ಬೇಕಿತ್ತು? ಟಿವಿಯಲ್ಲಿ ರಾಜಕೀಯ ಚರ್ಚೆ ನೋಡಿ ನೋಡಿ ಸಿಟ್ಟು ನೆತ್ತಿಗೇರುತ್ತಿತ್ತು. ಓಟು ಹಾಕಿದ ಮೇಲೆ ನಮಗೆ ಉಳಿಯುವುದು ರೇಗಾಡುವುದೊಂದೇ ತಾನೇ? ಶೂಟಿಂಗ್‌ನಲ್ಲಿ ರೇಗುವಂತಿಲ್ಲ. ಉಸಿರನ್ನು ಅರ್ಧ ಬಿಟ್ಟು ತಡೆಯಬೇಕು. ಟ್ರಿಗರ್ ಎಳೆಯಬಾರದು, ಮೆಲ್ಲಗೆ ಒತ್ತಬೇಕು.

ಕೋಚ್ ಸೈನ್ಯದಿಂದ ನಿವೃತ್ತರಾದವರು, ಚನ್ನರಾಯಪಟ್ಟಣದ ಕಡೆ ಬಾಗೂರಿನವರು. ಮೊದಲ ದಿನವೇ ಅಂದರು: "ಸಾ, ನೀವು ಟ್ರಿಗರ್ ಒತ್ತುತಿಲ್ಲ, ಯಾರ್ದೋ ಕಿವಿ ಇಂಡ್ತಿದ್ದೀರಾ. ಯಾರ್ ಮ್ಯಾಲ್ ಸಾ ಇಷ್ಟೊಂದು ಕ್ವಾಪ?"

ಹೆಸರು ಹೇಳಲಿಲ್ಲ. ಪಟ್ಟಿ ಉದ್ದವಿತ್ತು.

ಮನೆಯಲ್ಲಿ ಅಭ್ಯಾಸಕ್ಕೆ ಅಕ್ಕನ ತೆಂಗಿನಕಾಯಿ ಶೆಡ್ಡು ಇದೆ. ಗುರಿಯ ಕಾರ್ಡುಗಳು ಮುಗಿದಾಗ ನನಗೊಂದು ಉಪಾಯ ಹೊಳೆಯಿತು. ಕಳೆದ ಚುನಾವಣೆಯಲ್ಲಿ ಹಂಚಿ ಮಿಕ್ಕಿದ ಕರಪತ್ರದ ಕಟ್ಟೊಂದನ್ನು ಯಾರೋ ನಮ್ಮ ಜಗಲಿಯ ಮೇಲೆ ಬಿಟ್ಟುಹೋಗಿದ್ದರು. ಒಂದು ಬದಿಯಲ್ಲಿ ನಾಯಕರ ನಗುಮುಖ, ಹಿಂಬದಿ ಖಾಲಿ. ನಮ್ಮ ಕಡೆ ಇಂಥ ಕಾಗದವನ್ನು ಯಾರೂ ಎಸೆಯುವುದಿಲ್ಲ. ಹಿಂಬದಿಯಲ್ಲಿ ದಿನಸಿ ಚೀಟಿ ಬರೆಯುತ್ತೇವೆ, ಡಬ್ಬದ ತಳಕ್ಕೆ ಹಾಸುತ್ತೇವೆ. ನಾನು ಕೈವಾರ ಹಿಡಿದು ವೃತ್ತ ಬರೆದೆ.

ಹೋದ ವಾರ ರಮ್ಯಾ ಹತ್ತು ಗುಂಡು ಹೊಡೆದಳು. ಒಂಬತ್ತು ನಡುವಿನ ವೃತ್ತಕ್ಕೇ ಬಿದ್ದವು. ತೂತುಗಳು ಚೆನ್ನಾಗಿ ಕಾಣಲಿ ಎಂದು ಕಾಗದವನ್ನು ಕಿಟಕಿಯ ಗಾಜಿಗೆ ಅಂಟಿಸಿ ಫೋಟೋ ತೆಗೆದೆ. "ನಮ್ಮ ಹುಡುಗಿಯ ಗುರಿ ನೋಡಿ" ಎಂದು ಬರೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಬೆಳಕು ಕಾಗದವನ್ನು ತೂರಿ ಬಂದಿತ್ತು. ಹಿಂಬದಿಯ ನಗುಮುಖವೂ ಕಾಣುತ್ತಿತ್ತು. ಒಂಬತ್ತು ತೂತೂ ನಾಯಕರ ಮೂಗಿನ ಮೇಲೆ. (ಮೂವತ್ತು ವರ್ಷ ಪತ್ರಿಕೆಯಲ್ಲಿ ಫೋಟೋ ಪರಿಶೀಲಿಸಿ ಪುಟಕ್ಕೆ ಬಿಟ್ಟವನು ನಾನು.)

ಠಾಣೆಯಿಂದ ಫೋನ್ ಬಂತು. "ಬಂದೂಕ ತಕ್ಕೊಂಡ್ ಬನ್ನಿ ಸಾ, ನೋಡ್ಬುಟ್ಟು ಕೊಡ್ತೀವಿ." ಹೋದೆ.

ಹೆಡ್ ಕಾನ್‌ಸ್ಟೇಬಲ್ ಬಂದೂಕನ್ನು ಬೀರುವಿನೊಳಗಿಟ್ಟು ಒಂದು ಫೈಲ್ ತೆರೆದರು. ಮೇಲೆ ಆ ಫೋಟೋ. "ಇದು ನಿಮ್ದೇನಾ?"

"ನಂದೇ."

"ಏನ್ ಸಾ, ಓದಿರೋರು ನೀವು. ಮೂಗಿಗೇ ಒಡೆಯೋದಾ?"

ಫೋಟೋದ ಕೆಳಗೆ ಇನ್ನೂ ಹಾಳೆಗಳಿದ್ದವು. ಎರಡು ವರ್ಷದಿಂದ ಆ ಗ್ರೂಪಿನಲ್ಲಿ ನಾನು ಬರೆದದ್ದೆಲ್ಲ ಅಲ್ಲಿತ್ತು, ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿದ್ದರು. ಹೆಚ್ಚಿನವು ಅರಕಲಗೂಡು ರಸ್ತೆಯ ನಮ್ಮ ಕ್ರಾಸಿನ ಬೀದಿದೀಪದ ಬಗ್ಗೆ. ಹಾಸನದಿಂದ ಬಂದು ಬಸ್ಸಿಳಿದ ರಮ್ಯಾ ಅಲ್ಲಿಂದ ಕತ್ತಲಲ್ಲೇ ಮನೆಗೆ ನಡೆಯುತ್ತಾಳೆ. ಆ ಸಾಲುಗಳ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಪೆನ್ನಿನಲ್ಲಿ ಒಂದೇ ಪದ: ಅಸಮಾಧಾನ.

ನನ್ನ ದೂರನ್ನು ಯಾರೂ ಓದುವುದಿಲ್ಲ ಎಂದು ಇಷ್ಟು ದಿನ ಕೊರಗಿದ್ದೆ. ಓದುತ್ತಿದ್ದರು. ಒಂದನ್ನೂ ಬಿಡದೆ ಓದುತ್ತಿದ್ದರು. ದೀಪ ಹಾಕಿಸಬೇಕಾದವರಿಗೆ ಮಾತ್ರ ಯಾರೂ ಕಳಿಸಿರಲಿಲ್ಲ.

ಠಾಣೆಗೆ ಕಳಿಸಿದವರು ಯಾರು? ವಾಟ್ಸಾಪ್‌ನಲ್ಲಿ ನಾವೇ ಹಾಕಿದ್ದು ನಮ್ಮ ಫೋನಿನಲ್ಲಿ ಬಲಗಡೆ ಹಸಿರಾಗಿ ಕಾಣುತ್ತದೆ. ಆ ಹಾಳೆಗಳಲ್ಲಿ ಬಲಗಡೆ ಇದ್ದದ್ದು ಗುಲಾಬಿ ಹೂವು, ಜೊತೆಗೆ "ಶುಭೋದಯ". ದಿನಾ ಬೆಳಿಗ್ಗೆ ಗುಲಾಬಿ ಕಳಿಸುವ ನಮ್ಮ ಪಕ್ಕದ ಬೀದಿಯವರು. ರಮ್ಯಾಳ ಗುರಿಗೆ ಚಪ್ಪಾಳೆಯನ್ನೂ ಒತ್ತಿದ್ದರು. ಚಪ್ಪಾಳೆ ಮೊದಲು, ಸ್ಕ್ರೀನ್‌ಶಾಟ್ ಆಮೇಲೆ.

ಹೆಡ್ ಕಾನ್‌ಸ್ಟೇಬಲ್ ದೊಡ್ಡ ರಿಜಿಸ್ಟರ್ ಎಳೆದುಕೊಂಡರು. ಚುನಾವಣೆ ಬಂದಾಗ ಆನೆ, ಹಂದಿ ಕಾಟದ ಊರುಗಳವರು ತಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸುತ್ತಾರಲ್ಲ, ಅದೇ ರಿಜಿಸ್ಟರ್.

"ಲೈಸೆನ್ಸ್ ನಂಬರ್ ಏಳಿ ಸಾ."

"ಇದಕ್ಕೆ ಲೈಸೆನ್ಸ್ ಬೇಡ."

"ಗೊತ್ತು ಸಾ. ಆದ್ರೆ ಕಾಲಮ್ ಖಾಲಿ ಬಿಡಂಗಿಲ್ವಲ್ಲಾ."

"ಹಾಗಾದರೆ ವಾಪಸ್ ಕೊಡಿ."

"ಎಂಟ್ರಿನೇ ಆಗ್ದೆ ಎಂಗ್ ವಾಪಸ್ ಕೊಡೋದು ಸಾ? ಸಾಹೇಬ್ರು ಬರ್ಲಿ."

ಎಂಟ್ರಿ ಆಗದೆ ಒಳಗೆ ಹೇಗೆ ಹೋಯಿತು? ಕೇಳಿದೆ. ಅವರು ನಕ್ಕು ಟೀ ತರಿಸಿದರು. ಟೀ ಕುಡಿದು ಬರಿಗೈಯಲ್ಲಿ ಬಂದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಲೋ, ಪೇಪರ್‌ನೋನು, ಮಾತಾಡ್ಕೊಂಡ್ ಬತ್ತಾನೆ ಅಂತ ಕಳ್ಸಿದ್ದು ಕಣ್ಲಾ. ಬಂದೂಕನೇ ಬುಟ್ಟು ಬಂದಿದ್ದೀಯಲ್ಲ!"

ರಮ್ಯಾ ಬೈಯಲಿಲ್ಲ. "ಮಾವ, ಅದ್ರ ಹಿಡಿ ನನ್ ಭುಜಕ್ಕೆ ಕೂರ್ಸಿರೋದು. ಬ್ಯಾರೆಯವ್ರದ್ದು ಇಡ್ಕೊಂಡು ಎಂಗ್ ಒಡೀಲಿ?" ಎಂದಳಷ್ಟೆ. ಆಮೇಲೆ, "ನೀನು ಲೈಟಿನ್ ವಿಚಾರ ಬರೀದೇ ಇದ್ದಿದ್ರೆ ಕೊಡ್ತಿದ್ರೇನೋ" ಎಂದಳು.

ಇಪ್ಪತ್ತೊಂದು ವರ್ಷದ ಹುಡುಗಿ ಒಂದೇ ದಿನದಲ್ಲಿ ಕಲಿತ ಪೌರನೀತಿ ಇದು.

ಮಂಗಳವಾರದಿಂದ ಮೂರು ಸಲ ಠಾಣೆಗೆ ಹೋಗಿದ್ದೇನೆ. ಲಿಖಿತ ಅರ್ಜಿ ಕೊಟ್ಟಿದ್ದೇನೆ. ಸಾಹೇಬರು ಬಂದೋಬಸ್ತ್ ಡ್ಯೂಟಿಯಲ್ಲಿದ್ದಾರೆ. ಕೋಚ್ ಶೂಟಿಂಗ್ ರೇಂಜಿನ ಹಳೆಯ ರೈಫಲ್ ಕೊಡಲು ಒಪ್ಪಿದ್ದಾರೆ. ರಮ್ಯಾ ತೋಳು ಸಡಿಲವಾಗದಿರಲಿ ಎಂದು ಶೆಡ್ಡಿನಲ್ಲಿ ಒನಕೆ ಎತ್ತಿ ಭುಜಕ್ಕೆ ಕೊಟ್ಟು ನಿಲ್ಲುತ್ತಿದ್ದಾಳೆ.

ಇದನ್ನು ಮುಗಿಸುತ್ತಿರುವುದು ಶುಕ್ರವಾರ ಸಂಜೆ. ರೈಫಲ್ ಠಾಣೆಯ ಬೀರುವಿನಲ್ಲಿದೆ, ರಿಜಿಸ್ಟರಿನಲ್ಲಿ ಇನ್ನೂ ಎಂಟ್ರಿ ಆಗಿಲ್ಲ. ಇಂದು ಬೆಳಿಗ್ಗೆ ಆರೂ ಹತ್ತಕ್ಕೆ ಗ್ರೂಪಿಗೆ ಗುಲಾಬಿ ಬಂದಿದೆ.